ನಡುಗಂಬದ ಕೋಟು

"ಈ ಮಳೆ ಯಾರಿಗೋಸ್ಕರ ಬಂತು?"

ದೊರ್ಸಿಲಾ ಇದನ್ನು ಯಾರನ್ನೂ ಕೇಳಿದ್ದಲ್ಲ. ಗುಡಿಸಲ ಬಾಗಿಲಲ್ಲಿ ನಿಂತು, ಸೂರಿನಿಂದ ಇಳಿಯುವ ನೀರಿಗೆ ಕೈಯೊಡ್ಡಿ, ಗಾಳಿಗೆ ಹೇಳಿದ ಹಾಗೆ ಹೇಳಿದಳು. ಸರೋವರದ ಕಡೆಯಿಂದ ಎದ್ದ ಮೋಡ ರಾತ್ರಿಯೆಲ್ಲ ಸುರಿದಿತ್ತು. ದಿಬ್ಬದಾಚೆ ನೆರೆಯವರ ಎತ್ತುಗಳು ಆಗಲೇ ಹೊಲಕ್ಕಿಳಿದಿದ್ದವು. ಅವಳ ಹಟ್ಟಿಯಲ್ಲಿ ಮಾತ್ರ ನೇಗಿಲು ಗೋಡೆಗೊರಗಿ ನಿಂತಿತ್ತು. ಬಿತ್ತನೆಯ ಮೆಕ್ಕೆಜೋಳ ಸೋರೆಬುರುಡೆಯೊಳಗೆ ಬೂದಿಯ ಜೊತೆ ಮಲಗಿತ್ತು.

ಈ ಸರೋವರದ ದಡದ ಲುವೋ ಬುಡಕಟ್ಟಿನವರ ಹಟ್ಟಿಯಲ್ಲಿ ಬಿತ್ತುವುದಕ್ಕೊಂದು ಸಾಲಿದೆ. ಮೊದಲ ಕಾಳು ಮನೆಯ ಹಿರಿಯಳದು, ಅಂದರೆ ದೊರ್ಸಿಲಾಳದು. ಆಮೇಲೆ ಹಿರಿಮಗ ಒಗುತುವಿನ ಮನೆಯದು. ಕೊನೆಗೆ ಕಿರಿಮಗ ಒಬೂರನದು. ಸಾಲು ದಾಟಿದವರ ಮೈ ದಿನದಿನಕ್ಕೆ ಸೊರಗಿ ಸೊರಗಿ ಹೋಗುತ್ತದೆ. ಹಾಗೆ ಸೊರಗುವುದಕ್ಕೆ ಹಿರಿಯರು ಚಿರಾ ಎನ್ನುತ್ತಿದ್ದರು. ಒಗುತು ಹೋದ ವರ್ಷ ದೋಣಿ ಮಗುಚಿ ಸತ್ತ. ಅವನ ಹೆಂಡತಿ ಪೆರೆಸ್ ವಿಧವೆಯಾದಳು. ಗಂಡನ ಕಡೆಯ ಗಂಡಸು ಒಬ್ಬ ಅವಳ ಜೊತೆ ಮಲಗಿ ಸಾವಿನ ಮೈಲಿಗೆ ಕಳೆಯುವ ತನಕ ವಿಧವೆ ಬೀಜ ಮುಟ್ಟುವಂತಿಲ್ಲ. ಪೆರೆಸ್ ಅದಕ್ಕೆ ಒಪ್ಪಿರಲಿಲ್ಲ. ಅವಳು ಬಿತ್ತದೆ ಒಬೂರ ಬಿತ್ತುವಂತಿಲ್ಲ. ತಾನೊಬ್ಬಳೇ ಬಿತ್ತಿಕೊಂಡು ಮಕ್ಕಳ ಹೊಲ ಬೀಳು ಬಿಡುವುದು ಹೇಗೆಂದು ದೊರ್ಸಿಲಾಳೂ ಕೈಕಟ್ಟಿ ಕೂತಿದ್ದಳು.

ಒಲೆಯ ಮೇಲೆ ಗಂಜಿ ಕುದಿಯುವ ಹೊತ್ತಿಗೆ ಒಬೂರ ಬಂದ. ಸರೋವರದ ದಡದಲ್ಲಿ ಮೀನು ಕೊಂಡು ಸಂತೆಗೆ ಸಾಗಿಸುವವನು. ಮೈಯೆಲ್ಲ ಮೀನಿನ ವಾಸನೆ.

"ಅಮ್ಮಾ, ದಿಬ್ಬದವರದು ಎರಡನೇ ಉಳುಮೆ ನಡೀತಿದೆ. ನಾನೇನ್ ಮಾಡ್ಲಿ? ಎತ್ತುಗಳಿಗೆ ಜೋಗುಳ ಹಾಡ್ಲಾ?"

"ಗಂಜಿ ಕುಡಿ ಮೊದಲು."

"ಗಂಜಿ ಎಲ್ಲಿಂದ ಬರುತ್ತೆ ಮುಂದಿನ ವರ್ಷ? ಅವಳ ಹಟದಿಂದ ಬರುತ್ತಾ?"

ಅಷ್ಟರಲ್ಲಿ ಪೆರೆಸ್ ತಲೆಯ ಮೇಲೆ ನೀರಿನ ಕ್ಯಾನು ಹೊತ್ತು ಅಂಗಳ ದಾಟುತ್ತಿದ್ದಳು. ನೀಳ ಕತ್ತಿನ, ಗಟ್ಟಿ ಮೈಕಟ್ಟಿನ ಹೆಂಗಸು. ಕೆಸರಿನಲ್ಲೂ ಒಂದು ಹನಿ ಚೆಲ್ಲದೆ ನಡೆಯುತ್ತಿದ್ದಳು.

"ಅತ್ತಿಗೇ, ಮಳೆ ಬಂತು, ನೋಡಿದ್ರಾ?" ಒಬೂರ ಕೂಗಿದ.

"ಕಣ್ಣಿದೆ ಒಬೂರ."

"ಕಣ್ಣಿದ್ರೆ ಸಾಕಾ? ಇಡೀ ಮನೆ ನಿಮ್ಮ ಬಾಗಿಲಲ್ಲಿ ಕಾಯ್ತಾ ಬಿದ್ದಿದೆ."

"ನನ್ನ ಬಾಗಿಲಲ್ಲಿ ಯಾಕೆ ಕಾಯ್ತೀಯಾ? ಹೊಲ ಆ ಕಡೆ ಇದೆ."

ಒಬೂರ ಎದ್ದವನೇ ಎರಡು ಹೆಜ್ಜೆಗೆ ಅವಳ ಬಳಿ ಬಂದು ಕ್ಯಾನಿಗೆ ಕೈಯಿಂದ ಹೊಡೆದ. ಅದು ಅವಳ ಹೆಗಲಿಗೆ ಬಡಿದು ಕೆಳಗೆ ಬಿತ್ತು. ನೀರು ಕೆಸರಲ್ಲಿ ಕೆಸರಾಯಿತು. ಪೆರೆಸ್ ಹೆಗಲು ಉಜ್ಜಿಕೊಂಡಳು. ಆಮೇಲೆ ಖಾಲಿ ಕ್ಯಾನು ಎತ್ತಿಕೊಂಡು ತೊರೆಯ ಕಡೆಗೆ ಮತ್ತೆ ಇಳಿದಳು.

"ಹೋಗಲಿ, ಕಾಲಿಗೊಂದಿಷ್ಟು ವ್ಯಾಯಾಮ," ಎಂದು ಒಬೂರನ ಹೆಂಡತಿ ಮಿಲ್ಕಾ ತನ್ನ ಬಾಗಿಲಿಂದ ನಕ್ಕಳು. ಚಿಕ್ಕ ವಯಸ್ಸಿನವಳು, ಬೆನ್ನಿಗೆ ಮಗು ಕಟ್ಟಿಕೊಂಡಿದ್ದಳು. ನಕ್ಕಳು ನಿಜ. ಆದರೆ ಗಂಡ ತನ್ನ ಕಡೆ ತಿರುಗಿದ್ದೇ ತಡ, ಒಳಗೆ ಸರಿದುಬಿಟ್ಟಳು.

*

ಮಧ್ಯಾಹ್ನ ಮತ್ತೆ ಮಳೆ ಹಿಡಿಯಿತು. ದೊರ್ಸಿಲಾ ಮತ್ತು ಮೊಮ್ಮಗಳು ಅಪೊಂದಿ ಒಲೆಯ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಅಪೊಂದಿ ಪೆರೆಸಳ ಮಗಳು. ಬೆಳೆದ ಹುಡುಗಿಯರು ತಾಯಿಯ ಮನೆಯಲ್ಲಿ ಮಲಗುವುದಿಲ್ಲ, ಅಜ್ಜಿಯ ಗುಡಿಸಲಲ್ಲಿ ಮಲಗುತ್ತಾರೆ. ಗಂಡಸು ಅಂದರೇನು, ಮೈ ಅಂದರೇನು, ಯಾವಾಗ ನಗಬೇಕು, ಯಾವಾಗ ಓಡಬೇಕು, ಇದನ್ನೆಲ್ಲ ಅಜ್ಜಿಯೇ ಕತ್ತಲಲ್ಲಿ ಹೇಳಿಕೊಡುವುದು ರೂಢಿ. ದೊರ್ಸಿಲಾ ಈ ಗುಡಿಸಲಲ್ಲಿ ಎಷ್ಟೋ ಹುಡುಗಿಯರಿಗೆ ಹೇಳಿಕೊಟ್ಟಿದ್ದಳು. ಈಗ ಅದೇ ಗುಡಿಸಲಲ್ಲಿ ಪಾಠ ತಿರುಗಿ ಅವಳ ಕಿವಿಗೆ ಬರುತ್ತಿತ್ತು.

ಚರ್ಚಿನಲ್ಲಿ ಹುಡುಗ ಹುಡುಗಿಯರದೊಂದು ಗುಂಪಿತ್ತು. ದೊಡ್ಡವರ ಬಾಯಿಂದ ಕೇಳದ ಮಾತು ಓರಗೆಯವರ ಬಾಯಿಂದ ಕೇಳುತ್ತಾರೆಂದು ಪಾದ್ರಿ ಹೆಜ್ರೋನ್ ಕಟ್ಟಿದ ಗುಂಪು. ಕುತ್ತಿಗೆಗೆ ಹಸಿರು ವಸ್ತ್ರ ಸುತ್ತಿಕೊಂಡು, ಶನಿವಾರ ಪ್ರಾರ್ಥನೆಯಾದ ಮೇಲೆ ಎಚ್‌ಐವಿ ಹೇಗೆ ಹತ್ತುತ್ತದೆ, ಹೇಗೆ ಹತ್ತುವುದಿಲ್ಲ ಎಂದು ತಮ್ಮ ವಯಸ್ಸಿನವರಿಗೆ ಹೇಳುತ್ತಿದ್ದರು. ಅಪೊಂದಿ ಅದರಲ್ಲೊಬ್ಬಳು.

"ರಕ್ತದಲ್ಲಿ ಬರುತ್ತೆ, ತಾಯಿ ಹಾಲಲ್ಲಿ ಬರುತ್ತೆ, ಹಾಸಿಗೇಲಿ ಬರುತ್ತೆ, ಕೈ ಕುಲುಕಿದ್ರೆ ಬರಲ್ಲ, ಒಂದೇ ತಟ್ಟೇಲಿ ಉಂಡ್ರೆ ಬರಲ್ಲ, ಒಂದೇ ಚಾಪೆ…"

"ಅಯ್ಯೋ, ಎತ್ತಿನ ಗಾಡಿ ಇಳಿಜಾರಲ್ಲಿ ಓಡಿದ ಹಾಗೆ ಓಡಿಸ್ಬೇಡ," ದೊರ್ಸಿಲಾ ತಡೆದಳು. ಅವಳಿಗೆ ಓದು ಬಾರದು. ಚಿಕ್ಕಂದಿನಿಂದ ಕಿವಿಯಲ್ಲಿ ಕೇಳಿ ಕೇಳಿ ಕೀರ್ತನೆಗಳೆಲ್ಲ ಬಾಯಿಪಾಠ. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅವಳಿಗೆ ಗೊತ್ತಿತ್ತು. "'ಬರಲ್ಲ' ಅನ್ನೋ ಕಡೆ ನಿಲ್ಲು. ಹೆದರಿಕೊಂಡು ಕೂತೋರು ಅಲ್ಲಿ ಉಸಿರು ಬಿಡ್ತಾರೆ. ಬಿಡೋಕೆ ಜಾಗ ಕೊಡು."

ಅಪೊಂದಿ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಮಾತಿಗೆ ನಡಿಗೆ ಬಂತು.

"ಹಾಂ. ಈಗ ದೇವರಿಗೂ ಕೇಳುತ್ತೆ. ಗಂಡಸರು ಹಾಕ್ಕೊಳ್ಳೋ ಆ ರಬ್ಬರಿನ ಮಾತು ಪಾದ್ರಿಗಳು ಹೇಳಬೇಡಿ ಅಂದ್ರಂತೆ?"

"ಅವರೆದುರಿಗೆ ಹೇಳಬೇಡಿ ಅಂದ್ರು. ಆ ಪಾಠ ಬಂದಾಗ ಅವರಿಗೆ ಕೆಮ್ಮು ಬರುತ್ತೆ, ಹೊರಗೆ ಹೋಗ್ತಾರೆ. ಆಗ ಹೇಳ್ತೀವಿ."

ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಗು ನಿಂತ ಮೇಲೆ ಕೇಳಿದಳು: "ನಿಮ್ಮಮ್ಮ ಯಾಕೆ ಹೀಗೆ ಹಟ ಹಿಡಿದಿದಾಳೆ? ನಿನ್ನ ತಾತ ಹೋದಾಗ ಅವರ ತಮ್ಮನ್ನ ನಾನೂ ಒಳಗೆ ಬಿಟ್ಕೊಂಡೆ. ಇಷ್ಟ ಇತ್ತು ಅಂತಲ್ಲ. ಬಿತ್ತಬೇಕಿತ್ತು."

"ಆಗ ಈ ಕಾಯಿಲೆ ಇರ್ಲಿಲ್ಲ ಅಜ್ಜಿ."

"ಒಬೂರ ಏನು ಬೀದಿಯವನಾ? ಒಬ್ಬ ವಿಧವೆ ಮನೆಯಿಂದ ಇನ್ನೊಬ್ಬ ವಿಧವೆ ಮನೆಗೆ ಹೋಗೋ ಬಾಡಿಗೆ ಗಂಡಸನ್ನ ಕರೆಸ್ತೀನಿ ಅಂದ್ನಾ ನಾನು? ಮನೆ ಮಗ."

ಅಪೊಂದಿಯ ಕೈ ನಿಂತಿತು. "ಚಿಕ್ಕಪ್ಪ ಬೇಡ ಅಜ್ಜಿ."

"ಯಾಕೆ?"

"ಬೇಡ."

"ಯಾಕೆ ಅಂತ ಕೇಳಿದೆ."

"ಹೇಳೋ ಹಾಗಿಲ್ಲ. ನಮ್ಮ ಹತ್ರ ಒಬ್ಬರು ಹೇಳಿಕೊಂಡಿದ್ದು ಇನ್ನೊಬ್ಬರ ಕಿವಿಗೆ ಹಾಕಲ್ಲ ಅಂತ ಪೀಠದ ಮುಂದೆ ಮಾತು ಕೊಟ್ಟಿದೀವಿ. ಅಮ್ಮನಿಗೂ ಹೇಳಿಲ್ಲ. ಬೇಡ ಅಂದಿದೀನಿ, ಅಷ್ಟೇ."

ದೇವರ ಮುಂದೆ ಕೊಟ್ಟ ಮಾತಿನ ಮೇಲೆ ದೊರ್ಸಿಲಾ ಎಂದೂ ಕೈ ಹಾಕಿದವಳಲ್ಲ. ಇನ್ನೊಂದು ಕಡಲೆಕಾಯಿ ಒಡೆದಳು. ಮಕ್ಕಳ ಗುಂಪು, ಮಕ್ಕಳ ಗುಟ್ಟು, ಅದರಲ್ಲಿ ಏನಿದ್ದೀತು ಎಂದುಕೊಂಡಳು.

*

ವಾರ ಕಳೆಯುವುದರೊಳಗೆ ಪೆರೆಸ್ ಒಬ್ಬಳೇ ಸಲಿಕೆ ಹಿಡಿದು ಗಂಡನ ಹೊಲಕ್ಕೆ ಇಳಿದಳು. ಸೆರಗಿನಲ್ಲಿ ಬೀಜ ಕಟ್ಟಿಕೊಂಡಿದ್ದಳು.

ದೊರ್ಸಿಲಾ ಸೊಪ್ಪು ಕೀಳುತ್ತಿದ್ದವಳು ಏರಿಯ ಮೇಲಿಂದ ಎಲ್ಲ ನೋಡಿದಳು. ಒಬೂರ ಎತ್ತಿನ ಚಾವಟಿ ಹಿಡಿದು ಓಡಿ ಬಂದ. ಬಗ್ಗಿದ್ದವಳ ಬೆನ್ನಿಗೆ ಬಾರಿಸಿದ. ಪೆರೆಸ್ ಏಳುವಾಗ ಇನ್ನೊಂದು ಬಿತ್ತು, ಕತ್ತಿನಿಂದ ಎದೆಯವರೆಗೆ. ಸಲಿಕೆ ಕಿತ್ತುಕೊಂಡು ಕಲ್ಲಿಗೆ ಕುಟ್ಟಿ ಕಾವು ಮುರಿದ. ಅವಳ ಕೈ ತಿರುಚಿ ಬೀಜ ಬಿಚ್ಚಿಸಿ, ಒಂದೊಂದು ಕಾಳನ್ನೂ ಕಾಲಿನಿಂದ ಕೆಸರಿಗೆ ತುಳಿದ. ಆಮೇಲೆ ಅವಳ ಕೂದಲು ಹಿಡಿದು ಬದುವಿನವರೆಗೆ ಎಳೆದು ತಂದು ಬಿಟ್ಟ.

"ನನ್ನ ಮಗನ್ನ ಸಾಯಿಸ್ತೀಯಾ? ಸಾಲು ದಾಟಿ ಬಿತ್ತಿ ನನ್ನ ಮಗನಿಗೆ ಚಿರಾ ತರ್ತೀಯಾ?"

ಪೆರೆಸ್ ಬಾಯಲ್ಲಿದ್ದ ಮಣ್ಣು ಉಗಿದಳು. "ನಿನ್ನ ಮಗನಿಗೆ ಬರೋದು ಏನಾದ್ರೂ ಇದ್ರೆ ಹೊಲದಿಂದ ಬರಲ್ಲ," ಎಂದಳು.

ಆ ಸಂಜೆ ದೊರ್ಸಿಲಾಳ ಮನೆಯಲ್ಲಿ ಮುದ್ದೆ, ಒಮೆನಾ ಒಣಮೀನಿನ ಸಾರು. ಒಬೂರ ಮುದ್ದೆಯನ್ನು ಹಿಸುಕಿ ಹಿಸುಕಿ ನುಂಗುತ್ತಿದ್ದ.

"ಹೆಂಗಸಿಗೆ ಎತ್ತಿಗೆ ಹೊಡೆದ ಹಾಗೆ ಹೊಡೀತೀಯೇನೋ?"

"ಎತ್ತಾಗಿದ್ರೆ ಮಾತು ಕೇಳ್ತಿತ್ತು."

"ಒಗುತು ಇದ್ದಿದ್ರೆ…"

"ಒಗುತು ಇದ್ದಿದ್ರೆ ನಾವು ಈ ಹೊತ್ತಿಗೆ ಕಳೆ ಕೀಳ್ತಿದ್ವಿ. ಕಣಜ ಬಗ್ಗಿ ನೋಡಿದೀಯಾ ಅಮ್ಮ? ತಳ ಕಾಣ್ತಿದೆ. ನನ್ನ ಮಗು ಹೊಟ್ಟೆಗೆ ಅತ್ತಿಗೆಯ ಮಾನ ತಿನ್ನಿಸ್ಲಾ?" ತಟ್ಟೆ ಬದಿಗೊತ್ತಿ ಎದ್ದ. "ಇಷ್ಟರಲ್ಲೇ ದಾರಿ ಮಾಡು. ಇಲ್ಲದಿದ್ರೆ ನಾನು ಅವಳ ಬಾಗಿಲು ಮುರಿದೇ ಮುರೀತೀನಿ. ಊರು ನನ್ನ ಪರ ಇದೆ."

ಅದು ಸುಳ್ಳಲ್ಲ. ಊರು ಅವನ ಪರ ಇತ್ತು.

*

ದೊರ್ಸಿಲಾ ಚರ್ಚಿಗೆ ಕೋಲೂರಿಕೊಂಡು ಹೋದಳು. ಪಾದ್ರಿ ಹೆಜ್ರೋನ್ ದಪ್ಪ ಕನ್ನಡಕದ, ಮೃದು ಮಾತಿನ ಮನುಷ್ಯ. ಎಲ್ಲ ಕೇಳಿಕೊಂಡು ಹೇಳಿದರು: "ಬೇರೆ ಊರುಗಳಲ್ಲಿ ಒಂದು ದಾರಿ ಕಂಡುಕೊಂಡಿದಾರೆ ತಾಯಿ. ಗಂಡಸು ಒಳಗೆ ಹೋಗೋದು ಬೇಡ. ಅವನ ಕೋಟು ಹೋಗಲಿ. ವಿಧವೆಯ ಮನೆಯ ನಡುಗಂಬಕ್ಕೆ ಕೋಟು ತೂಗುಹಾಕಿ, ಒಂದು ರಾತ್ರಿ ಹಾಗೇ ಬಿಟ್ಟು, ಬೆಳಗಾದ ಮೇಲೆ ಪ್ರಾರ್ಥನೆ ಮಾಡಿ ಇಳಿಸೋದು. ಮೈಲಿಗೆ ಹೋಯ್ತು ಅಂತ ಹಿರಿಯರೂ ಒಪ್ತಾರೆ. ನಮ್ಮ ಹುಡುಗರೂ ಅದನ್ನೇ ಹೇಳ್ತಿದಾರೆ."

"ಕೋಟು ಸಾಕಾ?"

"ದೇವರಿಗೆ ಸಾಕು."

"ದೇವರದು ಇರಲಿ ಪಾದ್ರಿಗಳೇ. ಒಬೂರನಿಗೆ ಸಾಕಾ?"

ಪಾದ್ರಿ ನಕ್ಕರು. ಅವಳೂ ನಕ್ಕಳು. ನಕ್ಕು, ಆ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬಂದಳು.

ಪೆರೆಸ್ ಬೆನ್ನಿಗೆ ಬಿಸಿನೀರಿನ ಬಟ್ಟೆ ಒತ್ತಿಸಿಕೊಳ್ಳುತ್ತ ಕೇಳಿಸಿಕೊಂಡಳು. "ಅತ್ತೆ, ಕೋಟು ಒಳಗೆ ಬಂದ್ರೆ ಅದರ ತೋಳೊಳಗೆ ಕೈಯೂ ಬರುತ್ತೆ."

"ನಾನಿದೀನಲ್ಲ."

"ಹೊಲದಲ್ಲೂ ನೀವಿದ್ರಿ."

ದೊರ್ಸಿಲಾ ಬಟ್ಟೆ ಹಿಂಡಿದಳು. "ಪಾದ್ರಿ ಬರ್ತಾರೆ, ಹಿರಿಯರು ಬರ್ತಾರೆ. ಎಲ್ಲರೆದುರಿಗೆ ಆಗೋದು. ಒಪ್ಕೋ ತಾಯಿ. ಕೈ ಮುಗೀತೀನಿ."

ಅಪೊಂದಿ ಮಾತ್ರ ಮತ್ತೆ ಮತ್ತೆ ಕೇಳಿದಳು: "ಬೆಳಿಗ್ಗೆ ಇಳಿಸ್ತಾರೆ ತಾನೇ? ಖಂಡಿತ ಇಳಿಸ್ತಾರೆ ತಾನೇ?"

ಶನಿವಾರ ಪೆರೆಸ್ ಕೋಳಿ ಕೊಯ್ದು ಅಡಿಗೆ ಮಾಡಿದಳು. ಹಿರಿಯರು ತಿಂದರು, ಪಾದ್ರಿ ತಿಂದರು, ಹಸಿರು ವಸ್ತ್ರದ ಹುಡುಗರು ಅಂಗಳದಲ್ಲಿ ಹಾಡಿದರು. ಒಬೂರ ತನ್ನ ಕಂದು ಕೋಟು ಬಿಚ್ಚಿ ನಡುಗಂಬದ ಮೊಳೆಗೆ ತೂಗುಹಾಕಿ, ಕಾಲರು ಸರಿಮಾಡಿ, ಹೊರಗೆ ಬಂದು ಕೈ ತೊಳೆದುಕೊಂಡ. "ನೋಡಿ, ನಾನು ಎಷ್ಟು ಸಾಧು," ಎಂದ. ಎಲ್ಲರೂ ನಕ್ಕರು.

ಬೆಳಗಾದಾಗ ಪಾದ್ರಿ ಬಂದರು, ಪ್ರಾರ್ಥನೆಯಾಯಿತು. ಒಬೂರ ಇರಲಿಲ್ಲ. ಮೀನಿನ ದೋಣಿ ಬರುವ ಹೊತ್ತೆಂದು ನಸುಕಿನಲ್ಲೇ ದಡಕ್ಕೆ ಹೋಗಿದ್ದ.

"ನೀವೇ ಇಳಿಸಿಬಿಡಿ ಪಾದ್ರಿಗಳೇ," ಅಪೊಂದಿ ಅಂದಳು.

ಪಾದ್ರಿ ಹಿರಿಯರ ಮುಖ ನೋಡಿದರು. ಹಿರಿಯರು ತಲೆಯಾಡಿಸಲಿಲ್ಲ. ತೂಗಿದವನೇ ಇಳಿಸಬೇಕು. ಬದುಕಿರುವ ಗಂಡಸಿನ ಕೋಟನ್ನು ಬೇರೆಯವರು ಕಂಬದಿಂದ ಇಳಿಸಿದರೆ ಅವನು ಸತ್ತನೆಂದು ಸಾರಿದ ಹಾಗೆ. ಹೆಂಗಸು ಇಳಿಸಿದರಂತೂ ಅವಳೇ ಕೊಂದ ಹಾಗೆ.

"ಸಂಜೆ ಬಂದು ಇಳಿಸ್ತಾನೆ ಬಿಡಿ," ಎಂದರು ಪಾದ್ರಿ. "ಬಿತ್ತನೆ ನಡೀಲಿ."

ಬಿತ್ತನೆ ನಡೆಯಿತು. ದೊರ್ಸಿಲಾ ಮೊದಲ ಕಾಳು ಹಾಕಿದಳು, ತುಟಿಯಲ್ಲೇ ಕೀರ್ತನೆ ಹೇಳಿಕೊಳ್ಳುತ್ತ. ಆಮೇಲೆ ಪೆರೆಸ್ ಹಾಕಿದಳು. ಆಮೇಲೆ ಮಿಲ್ಕಾ. ಒದ್ದೆ ಮಣ್ಣಿನ ಮೇಲೆ ಮೂವರ ಹೆಜ್ಜೆಗಳೂ ಒಂದರ ಹಿಂದೊಂದು ಬಿದ್ದಿದ್ದವು. ಅದನ್ನು ನೋಡಿ ಮುದುಕಿಯ ಎದೆ ಹಗುರಾಯಿತು.

ಕೋಟು ಇಳಿಯಲಿಲ್ಲ.

*

ಮೊಳಕೆ ಎದ್ದು ಮೊಣಕಾಲೆತ್ತರ ಬಂತು. ಒಬೂರ ದಿನವೂ ದಡದಿಂದ ಬಂದವನು ಪೆರೆಸಳ ಅಂಗಳದಲ್ಲಿ ಕೂರತೊಡಗಿದ. ಮೊದಮೊದಲು ನೀರು ಕೇಳಿದ. ಆಮೇಲೆ ಊಟ. ಆಮೇಲೆ ಒಗುತುವಿನ ಕುರ್ಚಿಯನ್ನು ಒಳಗಿನಿಂದ ತರಿಸಿಕೊಂಡ. ಪೆರೆಸ್ ತಟ್ಟೆಯನ್ನು ಹೊಸ್ತಿಲಾಚೆ ಇಟ್ಟು ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು.

"ಅಕ್ಕಾ, ನನ್ನ ಗಂಡನಿಗೆ ಮೀನಿನ ತಲೆ ಕೊಡ್ತೀರಂತೆ, ನನಗೆ ಬಾಲವಾದ್ರೂ ಕಳಿಸಿ," ಎಂದು ಮಿಲ್ಕಾ ತೊರೆಯ ಹತ್ತಿರ ಎಲ್ಲರೆದುರಿಗೆ ಚುಚ್ಚಿದಳು.

"ತಲೆ, ಬಾಲ, ಗಂಡ, ಮೂರೂ ನೀನೇ ಇಟ್ಕೋ ತಂಗಿ. ಕೋಟೂ ತೊಗೊಂಡು ಹೋಗು."

ಮಿಲ್ಕಾ ಬಟ್ಟೆ ಒಗೆಯುವುದನ್ನು ಬಿಟ್ಟು ಅವಳನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಪಕ್ಕದಲ್ಲಿ ನೀರು ತುಂಬುತ್ತಿದ್ದ ಅಪೊಂದಿಯ ಕಣ್ಣು ಸಿಕ್ಕಿತು. ಬಾಯಿ ಮುಚ್ಚಿಕೊಂಡಳು.

ದೊರ್ಸಿಲಾ ಮಗನನ್ನು ಕರೆದು ಹೇಳಿದಳು. "ಕೋಟು ತೆಗಿಯೋ. ಪಾದ್ರಿಗಳ ಮುಂದೆ ನೀನು ಒಪ್ಕೊಂಡಿದ್ದೆ."

"ತೆಗೀತೀನಿ. ಏನವಸರ? ಚಳಿ ಬಂದಾಗ ತೆಗೀತೀನಿ."

"ಒಬೂರಾ."

"ಅಮ್ಮಾ, ಕೋಟು ತೂಗಿದ್ದು ಯಾರು? ನಾನು. ತೂಗು ಅಂದಿದ್ದು ಯಾರು? ನೀನು. ಈಗ ಆ ಮನೆ ಯಾರದು ಅಂತ ಊರಲ್ಲಿ ಯಾರನ್ನಾದ್ರೂ ಕೇಳು."

ಅವಳು ಯಾರನ್ನೂ ಕೇಳಲಿಲ್ಲ. ಉತ್ತರ ಗೊತ್ತಿತ್ತು. ಚರ್ಚಿನವರಿಗೆ ಕೋಟು ಕೊನೆ. ಊರಿಗೆ ಅದು ಮೊದಲು. ಕಂಬದಲ್ಲಿ ಕೋಟಿರುವ ತನಕ ಆ ಮನೆ, ಆ ಹೆಂಗಸು ಕೋಟಿನವನ ಪಾಲು.

ಅದಾದ ಮೇಲೊಂದು ಸಂಜೆ. ಬೆಳಕಿನ್ನೂ ಇತ್ತು. ದೊರ್ಸಿಲಾ ಅಂಗಳದಲ್ಲಿ ಕಾಳು ಆರಿಸುತ್ತಿದ್ದಳು, ಅಪೊಂದಿ ಸೊಪ್ಪು ಹೆಚ್ಚುತ್ತಿದ್ದಳು. ಒಬೂರ ಕುಡಿದು ಬಂದ. ಪೆರೆಸಳ ಅಂಗಳದ ಕುರ್ಚಿಯನ್ನು ಒದ್ದು ಬೀಳಿಸಿ ನೇರ ಒಳಗೆ ಹೋದ. ತಗಡಿನ ಬಾಗಿಲು ಹಾಕಿಕೊಂಡ ಸದ್ದಾಯಿತು.

ಆಮೇಲೆ ಪಾತ್ರೆ ಬಿದ್ದ ಸದ್ದು. ಆಮೇಲೆ ಪೆರೆಸಳ ಕೂಗು. ಮಾತಿರದ ಕೂಗು.

ಅಪೊಂದಿ ಚಾಕು ಹಿಡಿದೇ ಓಡಿದಳು. ದೊರ್ಸಿಲಾ ಕೋಲು ಬಿಟ್ಟು ಓಡಿದಳು. ಎಷ್ಟೋ ವರ್ಷದಿಂದ ಓಡಿದವಳಲ್ಲ. ಬಾಗಿಲಿಗೆ ಒಳಗಿನಿಂದ ಅಗುಳಿ. ಒಳಗೆ ಮೈಗೆ ಮೈ ಬಡಿಯುವ, ಗೋಡೆಗೆ ತಲೆ ಬಡಿಯುವ ಸದ್ದು. "ಬಿಡೋ! ಬಿಡೋ ಅವಳನ್ನ!" ಎಂದು ಮುದುಕಿ ತಗಡನ್ನು ಅಂಗೈಯಲ್ಲಿ ಬಡಿದಳು. "ಬಾಯಿ ಮುಚ್ಚಮ್ಮಾ, ಇದು ನನ್ನ ಮನೆ!" ಎಂದಿತು ಒಳಗಿನ ದನಿ.

ಮಿಲ್ಕಾ ಬಂದಳು. ಬೆನ್ನಿನಿಂದ ಮಗುವನ್ನು ಬಿಚ್ಚಿ ದೊರ್ಸಿಲಾಳ ತೋಳಿಗೆ ಹಾಕಿದಳು. ಒಲೆಗುಂಡೊಂದನ್ನು ಎರಡೂ ಕೈಯಲ್ಲೆತ್ತಿ ತಗಡಿಗೆ ಕುಕ್ಕಿದಳು. ಕುಕ್ಕುತ್ತ ಕೂಗಿದಳು. ದಿಬ್ಬದಾಚೆಗೂ ಕೇಳುವ ಹಾಗೆ ಕೂಗಿದಳು.

"ಅವಳಿಗೂ ಹಚ್ಚಬೇಡ! ನನಗೆ ಹಚ್ಚಿದ್ದು ಸಾಕು! ಮದುವೆಗೆ ಮುಂಚೆ ಚರ್ಚಲ್ಲಿ ರಕ್ತ ನೋಡಿಸಿದಾಗ ನನ್ನ ಮೈಯಲ್ಲಿ ಏನೂ ಇರಲಿಲ್ಲ! ಈಗ ಮಾತ್ರೆ ತಿಂತಿದೀನಿ, ಹಿಟ್ಟಿನ ಡಬ್ಬೀಲಿ ಬಚ್ಚಿಟ್ಟು! ದಡದ ಹೆಂಗಸರ ಹತ್ರ ಮೀನಿನ ಜೊತೆ ಏನೇನು ಕೊಂಡ್ಕೊಂಡು ಬಂದೆ ನೀನು? ಎಷ್ಟು ಸಲ ಕಾಲು ಹಿಡಿದೆ ರಕ್ತ ನೋಡಿಸ್ಕೋ ಅಂತ? ಹೇಳು!"

ಒಳಗಿನ ಸದ್ದು ನಿಂತಿತು.

ದೊರ್ಸಿಲಾ ಅಪೊಂದಿಯ ಮುಖ ನೋಡಿದಳು. ಹುಡುಗಿ ಅಳುತ್ತಿದ್ದಳು, ಆದರೆ ಆ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಹೇಳೋ ಹಾಗಿಲ್ಲ ಅಂದಿದ್ದು ಇದು.

ಅಗುಳಿ ಸರಿಯಿತು. ಒಬೂರ ಹೊರಬಂದ. ಕೆನ್ನೆಯಲ್ಲಿ ಉಗುರಿನ ಗೀರು, ಅಂಗಿ ಹರಿದಿತ್ತು. ಅವನ ಹಿಂದೆ ಪೆರೆಸ್ ಗೋಡೆ ಹಿಡಿದು ನಿಂತಿದ್ದಳು. ತುಟಿ ಸೀಳಿ ರಕ್ತ ಗದ್ದದಿಂದ ಇಳಿಯುತ್ತಿತ್ತು. ಒಂದು ಕೈಯಲ್ಲಿ ಮುದ್ದೆ ತಿರುವುವ ಕೋಲು ಇನ್ನೂ ಬಿಗಿಯಾಗಿತ್ತು. ಅವನನ್ನು ಅದರಲ್ಲೇ ತಡೆದಿದ್ದಳು.

ಒಬೂರ ಹೆಂಡತಿಯನ್ನು ನೋಡಿದ. ಸೂರಿನಡಿ ಸಿಕ್ಕಿಸಿದ್ದ ಮಚ್ಚಿಗೆ ಕೈ ಹಾಕಿದ. "ಬೀದೀಲಿ ನನ್ನ ಬೆತ್ತಲೆ ಮಾಡ್ತೀಯಾ?"

ಮೊದಲ ಏಟು ಮಚ್ಚಿನ ಮೈಯಿಂದ ಅವಳ ಬೆನ್ನಿಗೆ ಬಿತ್ತು. ಮಿಲ್ಕಾ ಮುಗ್ಗರಿಸಿ ಕೈ ಅಡ್ಡ ಹಿಡಿದಳು. ಎರಡನೆಯದು ಅಲಗಿನಿಂದ ಬಿತ್ತು, ಮೊಣಕೈ ಕೆಳಗೆ. ಅವಳು ಕೈಯನ್ನೇ ನೋಡಿದಳು. ಮೂರನೆಯದಕ್ಕೆ ಅವನ ಕೈ ಮೇಲೆದ್ದಾಗ ಪೆರೆಸ್ ಕೋಲು ಎಸೆದು, ಗೋಡೆಗೆ ಒರಗಿಸಿದ್ದ ಒನಕೆ ಎತ್ತಿಕೊಂಡು ಬಂದಳು. ಕಾಳು ಕುಟ್ಟುವ ಹಾಗೆ ಎರಡೂ ಕೈಯಲ್ಲಿ ಎತ್ತಿ ಅವನ ತೋಳಿನ ಮೇಲೆ ಇಳಿಸಿದಳು. ಎಲುಬು ಮುರಿದದ್ದು ದೊರ್ಸಿಲಾಳಿಗೂ ಕೇಳಿಸಿತು. ತನ್ನ ಹೊಟ್ಟೆಯಲ್ಲಿ ಬೆಳೆದ ಎಲುಬು. ಮಚ್ಚು ಬಿತ್ತು, ಒಬೂರನೂ ಬಿದ್ದ.

ನೆರೆಯವರು ಓಡಿ ಬಂದು ಅಂಗಳದಲ್ಲಿ ತುಂಬಿದರು. ಎಲ್ಲರೂ ನೋಡುತ್ತಿರುವಾಗಲೇ ಪೆರೆಸ್ ಒಳಗೆ ಹೋದಳು. ನಡುಗಂಬದಿಂದ ಕೋಟು ಇಳಿಸಿದಳು. ತಂದು ಅವನ ಪಕ್ಕ ಕೆಸರಲ್ಲಿ ಎಸೆದಳು. ಗುಂಪಿನಲ್ಲಿ ಯಾರೋ "ಅಯ್ಯೋ!" ಎಂದು ಬಾಯಿಗೆ ಕೈ ಇಟ್ಟುಕೊಂಡರು. ಎಲುಬು ಮುರಿದಾಗ ಹಾಗೆ ಅಂದವರು ಇರಲಿಲ್ಲ.

*

ಮಿಲ್ಕಾಳ ಕೈಗೆ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಬೆರಳು ಆಡುತ್ತಿದ್ದವು, ಅದೇ ಪುಣ್ಯ. ಮರಳಿ ಬಂದವಳು ಗಂಡನ ಮನೆಗೆ ಹೋಗದೆ, ಮಾತ್ರೆಯ ಹಿಟ್ಟಿನ ಡಬ್ಬಿ ಎತ್ತಿಕೊಂಡು ಪೆರೆಸಳ ಮನೆ ಸೇರಿದಳು. ಮಗುವಿನ ರಕ್ತವನ್ನೂ ನೋಡಿದ್ದರು. ಅದರಲ್ಲಿ ಏನೂ ಇರಲಿಲ್ಲ. ಪೆರೆಸ್ ಮುದ್ದೆ ತಿರುವಿದಳು, ಮಿಲ್ಕಾ ಒಂದೇ ಕೈಯಲ್ಲಿ ಸೊಪ್ಪು ಮುರಿದಳು, ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು.

"ಅಕ್ಕಾ, ಬಾಲ ನನಗೆ," ಎಂದು ಮಿಲ್ಕಾ ಕೇಳುವುದು ದೊರ್ಸಿಲಾಳ ಗುಡಿಸಲಿಗೂ ಕೇಳಿಸುತ್ತಿತ್ತು.

"ತಲೇನೂ ತಿನ್ನು. ಮಾತ್ರೆ ಖಾಲಿ ಹೊಟ್ಟೇಲಿ ತಿಂತೀಯಾ?"

ಒಬೂರ ಕೆಲವು ದಿನ ದಡದಲ್ಲೇ ಯಾರದೋ ಮನೆಯಲ್ಲಿದ್ದ. ಊರಿನಲ್ಲಿ ಮಾತು ಎರಡಾಗಿತ್ತು. ಹೆಂಗಸು ಕೋಟು ಇಳಿಸಿದಳು, ಬದುಕಿದ್ದವನನ್ನು ಸತ್ತವನ ಲೆಕ್ಕಕ್ಕೆ ಸೇರಿಸಿದಳು ಎಂದರು ಕೆಲವರು. ಇನ್ನು ಕೆಲವರು ಏನೂ ಹೇಳದೆ ತಮ್ಮ ಸೊಸೆಯರನ್ನು ಕರೆದುಕೊಂಡು ಚರ್ಚಿನ ಕಡೆಗೆ ಹೋಗಿ ರಕ್ತ ನೋಡಿಸಿಕೊಂಡು ಬಂದರು. ಅಪೊಂದಿ ಶನಿವಾರ ಪಾಠಕ್ಕೆ ನಿಂತಾಗ ಹಿಂದಿನ ಸಾಲುಗಳೂ ತುಂಬಿದ್ದವಂತೆ. ಪಾದ್ರಿಗೆ ಈ ಸಲ ಕೆಮ್ಮು ಬರಲಿಲ್ಲವಂತೆ, ಕೂತು ಕೇಳಿದರಂತೆ.

ದೊರ್ಸಿಲಾ ಕೀರ್ತನೆ ಹೇಳಿಕೊಳ್ಳಲು ಕೂತರೆ ಮೊದಲ ಸಾಲು ಬರುತ್ತಿತ್ತು. ಎರಡನೆಯದು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಒಬೂರ ಅವಳ ಬಾಗಿಲಿಗೆ ಬಂದ. ತೋಳಿಗೆ ಬಿಳಿ ಪಟ್ಟಿ, ಕತ್ತಿನಿಂದ ಇಳಿಬಿದ್ದ ಬಟ್ಟೆ. ಮುಖ ಇಳಿದಿತ್ತು.

"ಗಂಜಿ ಇದೆಯಾ ಅಮ್ಮ?"

ಕೊಟ್ಟಳು. ಎಡಗೈಯಲ್ಲಿ ಕುಡಿದ, ಅರ್ಧ ಗದ್ದಕ್ಕೆ ಸುರಿಯಿತು. ಅವಳು ಸೆರಗಿನಿಂದ ಒರೆಸಿದಳು. ಅವನು ಒರೆಸಲು ಬಿಟ್ಟ.

"ನೋವಿದೆಯಾ?"

"ಇದೆ."

"ರಕ್ತ ನೋಡಿಸ್ಕೊಂಡ್ಯಾ?"

"ಅದೆಲ್ಲ ಬೇಡ ಅಮ್ಮ. ಕಾಯಿಲೆ ಅಲ್ಲ ಅದು. ಚಿರಾ. ಅವಳು ಸಾಲು ಮುರಿದಳು, ಕೋಟು ಇಳಿಸಿದಳು. ಅದು ಈ ಹಟ್ಟಿಗೆ ತಟ್ಟಿದೆ."

"ಕೋಟು ಇಳಿಸಿದ್ದು ಮೊನ್ನೆ ಕಣೋ. ಮಿಲ್ಕಾ ಮಾತ್ರೆ ತಿಂತಿರೋದು ಹೋದ ವರ್ಷದಿಂದ."

ಒಬೂರ ಬಟ್ಟಲು ಕೆಳಗಿಟ್ಟ. ಮಂಡಿಯೂರಿ ಅವಳ ಹತ್ತಿರ ಸರಿದ. "ಅಮ್ಮಾ, ಊರಲ್ಲಿ ನನ್ನನ್ನ ಸತ್ತವನು ಅಂತ ನಗ್ತಿದಾರೆ. ದಡದಲ್ಲಿ ಮೀನು ಕೊಡಲ್ಲ ಅಂತಾರೆ. ಒಂದೇ ಒಂದು ಮಾಡು. ಹಟ್ಟಿಯ ಬಾಗಿಲಲ್ಲಿ ನಿಂತು ಪೆರೆಸಳ ಹೆಸರು ಹಿಡಿದು ಶಾಪ ಹಾಕು. ಹಿರಿಯಳು ನೀನು. ನೀನು ಹಾಕಿದ್ರೆ ಅವಳಿಗೆ ಯಾರೂ ಒಲೆಗೆ ಕೆಂಡನೂ ಕೊಡಲ್ಲ. ತವರಿಗೆ ಓಡ್ತಾಳೆ. ಮಿಲ್ಕಾ ಬಾಯಿ ಮುಚ್ಕೊಂಡು ಮನೆಗೆ ಬರ್ತಾಳೆ. ಎಲ್ಲ ಮೊದಲಿನ ಹಾಗಾಗುತ್ತೆ."

ಅದು ನಿಜವೆಂದು ದೊರ್ಸಿಲಾಳಿಗೆ ಗೊತ್ತಿತ್ತು. ಮುದಿ ತಾಯಿಯ ಶಾಪಕ್ಕೆ ಹೆದರದ ಮನೆ ಈ ದಿಬ್ಬಗಳಲ್ಲಿ ಇರಲಿಲ್ಲ. ಒಂದು ಹೆಸರು, ನಾಲ್ಕು ಮಾತು, ಅಷ್ಟು ಸಾಕಿತ್ತು. ಹೊರಗೆ ಹೊಲದಲ್ಲಿ ಪೆರೆಸ್ ಕಳೆ ಕೀಳುತ್ತಿದ್ದ ಸದ್ದು ಕೇಳುತ್ತಿತ್ತು.

"ರಕ್ತ ನೋಡಿಸ್ಕೋ ಮಗನೇ. ನಾನೂ ಬರ್ತೀನಿ, ಕೈ ಹಿಡಿದು ಕರ್ಕೊಂಡು ಹೋಗ್ತೀನಿ."

"ಮಾತು ತಿರುಗಿಸ್ಬೇಡ! ಶಾಪ ಹಾಕ್ತೀಯೋ ಇಲ್ವೋ?" ಅವನು ಒಳ್ಳೆಯ ಕೈಯಲ್ಲಿ ಅವಳ ಮಣಿಕಟ್ಟು ಹಿಡಿದು ಅಲುಗಿಸಿದ. ಹಿಡಿತ ಬಿಗಿಯಾಯಿತು. ಕಣ್ಣಲ್ಲಿ ನೀರಿತ್ತು. "ಒಗುತು ಇಲ್ಲ. ನಿನಗೆ ಉಳಿದಿರೋ ಮಗ ನಾನೊಬ್ಬ. ನಾಳೆ ನೀನು ಸತ್ರೆ ಗುಂಡಿ ತೋಡೋನು ನಾನು, ಮಣ್ಣು ಹಾಕೋನು ನಾನು. ಇವತ್ತು ನೀನು ಇಲ್ಲ ಅಂದ್ರೆ ನಾನು ಈ ಹಟ್ಟಿಗೆ ಮತ್ತೆ ಕಾಲಿಡಲ್ಲ. ನಿನ್ನ ಹೆಣ ಎತ್ತೋಕೂ ಬರಲ್ಲ. ಯೋಚನೆ ಮಾಡಿ ಹೇಳು."

ದೊರ್ಸಿಲಾ ಯೋಚನೆ ಮಾಡಲಿಲ್ಲ. ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ನನ್ನ ಹೆಣ ನಾಯಿ ಎಳೀಲಿ ಕಣೋ," ಎಂದಳು. "ನಾನು ಹಾಕಲ್ಲ."